ಒಂದು ದಿನಕ್ಕೆಂದು ಕೊಟ್ಟ ಮಕ್ಕಳು

ಓಂಕಾರೇಶ್ ಮೇಷ್ಟ್ರನ್ನು ನಾನು ಬೈದಷ್ಟು ಅವರ ಹೆಂಡತಿಯೂ ಬೈದಿರಲಿಕ್ಕಿಲ್ಲ. ಕೆಂಚನಹಟ್ಟಿಯ ಹೈಸ್ಕೂಲಿನಲ್ಲಿ ಅವರು ಹೆಡ್‌ಮಾಸ್ಟರು, ನಾನು ಹಿಂದಿ ಟೀಚರು. ಬರುವುದು ಹೋಗುವುದು ಒಂದೇ ಬಸ್ಸಿನಲ್ಲಿ, ಕುಡಿಯುವುದು ಒಂದೇ ಫ್ಲಾಸ್ಕಿನ ಕಾಫಿ. ಅವರ ಬಗ್ಗೆ ಬರೆಯೋಣವೆಂದು ಕೂತರೆ ಈಗಲೂ ಮೊದಲು ಸಿಟ್ಟು ಬರುತ್ತದೆ. ಸಿಟ್ಟು ಇಳಿದ ಮೇಲೆ ಬರುವುದನ್ನು ತಡೆಯಲು ನನ್ನ ಕೈಲಾಗುವುದಿಲ್ಲ, ಅದಕ್ಕೇ ಸಿಟ್ಟಿನಲ್ಲಿರುವಾಗಲೇ ಬರೆದು ಮುಗಿಸುತ್ತೇನೆ.

ಅಜ್ಜಂಪುರದಿಂದ ಆಚೆಗೆ, ಈರುಳ್ಳಿ ಬೆಳೆಯುವ ಎರೆ ಭೂಮಿಯ ಊರು ಕೆಂಚನಹಟ್ಟಿ. ನಮ್ಮ ಶಾಲೆ ಅನುದಾನಿತ; ಎಂದರೆ ಕಟ್ಟಡ ಊರಿನ ವಿದ್ಯಾಸಂಸ್ಥೆಯದು, ಸಂಬಳ ಸರ್ಕಾರದ್ದು. ಎಂಟು, ಒಂಬತ್ತು, ಹತ್ತು, ಇಷ್ಟೇ ತರಗತಿ. ಸುತ್ತಲಿನ ಹಳ್ಳಿಗಳ ಮಕ್ಕಳು ನಡೆದುಕೊಂಡೋ ಸೈಕಲ್ಲಿನಲ್ಲೋ ಬರುತ್ತಿದ್ದವು. ಮೇಷ್ಟ್ರು ಗಣಿತವನ್ನೂ ವಿಜ್ಞಾನವನ್ನೂ ಹೇಳುತ್ತಿದ್ದರು, ಜವಾನ ಬರದಿದ್ದರೆ ಗಂಟೆಯನ್ನೂ ಹೊಡೆಯುತ್ತಿದ್ದರು. ಕುಳ್ಳಗಿನ ಆಳು, ಷರಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರು. ಬೆಂಚು ಅಲ್ಲಾಡಿದರೆ ಪಾಠ ನಿಲ್ಲಿಸಿ ಅದರ ಕೆಳಗೆ ನುಸುಳುತ್ತಿದ್ದರು. ಮಕ್ಕಳು ಕಿಸಕ್ಕೆಂದರೆ, "ನಗ್ರೋ ನಗ್ರಿ, ನಾಳೆ ಬೀಳೋರು ನೀವೇ" ಎಂದು ಕೆಳಗಿನಿಂದಲೇ ಪಾಠ ಮುಂದುವರಿಸುತ್ತಿದ್ದರು.

ಅವರ ಹೆಮ್ಮೆಯೆಲ್ಲ ಲ್ಯಾಬಿನದು. ಹಳೆಯ ವಿದ್ಯಾರ್ಥಿಗಳನ್ನು ಕಾಡಿ ಬೇಡಿ ಕೂಡಿಸಿದ ಸಾಮಾನು. ಹೆಂಡತಿಯ ಹಳೆ ಸೀರೆಯಲ್ಲಿ ಸುತ್ತಿಟ್ಟ ಮೈಕ್ರೋಸ್ಕೋಪು, ಅಂಚು ಹರಿದ ಅಸ್ಥಿಪಂಜರದ ನಕ್ಷೆಗಳು, ಗಾಜಿನ ಭರಣಿಯಲ್ಲಿ ಫಾರ್ಮಾಲಿನ್ ಕುಡಿದು ಬೆಳ್ಳಗಾದ ಒಂದು ಕಪ್ಪೆ.

ನಮ್ಮ ಕಡೆಯ ಶಾಲೆಗಳಲ್ಲಿ ಒಂದು ಪದ್ಧತಿ ಉಂಟು. ಇಲಾಖೆಯವರು ಓದಿದರೆ ಓದಲಿ, ನನಗೇನು. ಶಾಲೆಗೆ ಸರ್ಕಾರದ ಮಾನ್ಯತೆ ಒಂದು ಸಲ ಸಿಕ್ಕಿದರೆ ಸಾಲದು, ಅದನ್ನು ಆಗಾಗ ನವೀಕರಿಸಬೇಕು. ಅದಕ್ಕೆ ತಪಾಸಣೆ ಬರುತ್ತದೆ. ಬರುವ ದಿನ ಗೊತ್ತಾದರೆ, ತಮ್ಮಲ್ಲಿ ಇಲ್ಲದ್ದನ್ನು ಪಕ್ಕದ ಶಾಲೆಯಿಂದ ಕೇಳಿ ತರುತ್ತಾರೆ, ಮದುವೆ ಮನೆಗೆ ಕೊಳದಪ್ಪಲೆ ಕೇಳಿ ತರುವ ಹಾಗೆ. ಲೈಬ್ರರಿ ಪುಸ್ತಕ, ಗ್ಲೋಬು, ಹಾರ್ಮೋನಿಯಂ, ಬೆಂಕಿ ಆರಿಸುವ ಕೆಂಪು ಸಿಲಿಂಡರು ಎಲ್ಲವೂ ಗೂಡ್ಸ್ ಆಟೋದಲ್ಲಿ ಊರೂರು ತಿರುಗುತ್ತವೆ. ಸಂಜೆ ವಾಪಸ್ಸು. ಯಾರೂ ಇದನ್ನು ಮೋಸ ಎಂದುಕೊಂಡಿರಲಿಲ್ಲ. ಕೇಳಿದವರಿಗೆ ಇಲ್ಲ ಎನ್ನುವುದೇ ಕೆಟ್ಟತನ. ನಮ್ಮ ಕಪ್ಪೆ ಲಕ್ಕವಳ್ಳಿಯಿಂದ ಕಡೂರಿನವರೆಗೆ ನೋಡದ ಶಾಲೆಯಿಲ್ಲ. ಒಬ್ಬ ಅಧಿಕಾರಿಯಂತೂ ಭರಣಿಯನ್ನು ಎತ್ತಿ ಹಿಡಿದು, "ಇದನ್ನ ಎಲ್ಲೋ ಕಂಡಿದೀನಲ್ರೀ" ಎಂದಿದ್ದರಂತೆ. ಆ ಕಥೆ ಹೇಳಿಕೊಂಡು ನಾವು ಒಂದು ವರ್ಷ ನಕ್ಕಿದ್ದೇವೆ.

ಭಾರ್ಗವ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಕಡೂರಿನ ವಕೀಲರೊಬ್ಬರ ಮಗ, ಕೆಂಚನಹಟ್ಟಿಯ ಅಜ್ಜಿಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲೇ ಓದಿದವನು. ಈಗ ತರೀಕೆರೆ ರಸ್ತೆಯಲ್ಲಿ ಒಂದು ಇಂಟರ್‌ನ್ಯಾಷನಲ್ ಸ್ಕೂಲು ನಡೆಸುತ್ತಿದ್ದ. ಅದರ ಪೂರ್ತಿ ಹೆಸರು ಹೇಳಿದರೆ ನನ್ನ ಬಾಯಿ ಕಹಿಯಾಗುತ್ತದೆ. ಜನರೂ ಬರೀ ಇಂಟರ್‌ನ್ಯಾಷನಲ್ ಎಂದೇ ಕರೆಯುತ್ತಿದ್ದರು, ಅಷ್ಟೇ ಇರಲಿ.

"ಎಂಟನೇ ಕ್ಲಾಸಿನವರೆಗೆ ಪರ್ಮಿಷನ್ ಇದೆ ಮೇಷ್ಟ್ರೇ. ಹೈಸ್ಕೂಲು ತೆಗೀಬೇಕು ಅಂತ ಅರ್ಜಿ ಹಾಕಿದೀನಿ. ನಾಡಿದ್ದು ನೋಡಕ್ಕೆ ಬರ್ತಾರೆ. ಲ್ಯಾಬ್ ಸಾಮಾನು ಬೇಕಾಗಿತ್ತು" ಎಂದ.

"ತಗಂಡೋಗಪ್ಪ, ಅದಕ್ಕೇನಂತೆ. ಮೈಕ್ರೋಸ್ಕೋಪು ಮಾತ್ರ ಹುಷಾರು" ಎಂದರು ಮೇಷ್ಟ್ರು.

ಭಾರ್ಗವ ಎದ್ದವನು ಮತ್ತೆ ಕೂತ. "ಇನ್ನೊಂದು ಇತ್ತು. ನಮ್ಮಲ್ಲಿ ಎಂಟನೇ ಕ್ಲಾಸಲ್ಲಿ ಮಕ್ಕಳು ಕಡಿಮೆ. ಕ್ಲಾಸು ಖಾಲಿ ಕಂಡ್ರೆ ನಿಮಗ್ಯಾಕ್ರೀ ಹೈಸ್ಕೂಲು ಅಂತಾರೆ. ನಿಮ್ಮ ಎಂಟನೇ ಕ್ಲಾಸಿನ ಮಕ್ಕಳನ್ನ ಒಂದೇ ಒಂದು ದಿನ ಕಳಿಸಿ ಮೇಷ್ಟ್ರೇ. ಬಸ್ಸು ನಂದು, ಊಟ ನಂದು, ಯೂನಿಫಾರಂ ನಂದು."

ನಾನು ಅಲ್ಲೇ ಇದ್ದೆ. ಸುಮ್ಮನಿರುವ ಜಾತಿಯವಳಲ್ಲ. "ಕಪ್ಪೆ ಕೊಡಿ, ಬೇಡ ಅನ್ನಲ್ಲ. ಮಕ್ಕಳನ್ನ ಎರವಲು ಕೊಡ್ತೀರಾ? ತಲೆ ನೆಟ್ಟಗಿದೆಯೇನ್ರೀ ನಿಮಗೆ?" ಎಂದೆ.

ಅವರು ನಕ್ಕರು. "ಲಲಿತಮ್ಮೋರೆ, ನಮ್ಮ ಹುಡುಗ ಕಣ್ರೀ ಇವನು. ನಮ್ಮ ಶಾಲೇಲಿ ಓದಿದೋನು ಇನ್ನೊಂದು ಶಾಲೆ ಕಟ್ತೀನಿ ಅಂತ ಬಂದ್ರೆ ಮುಖಕ್ಕೆ ಬಾಗ್ಲು ಹಾಕಕ್ಕಾಗ್ತದಾ? ಮಕ್ಕಳಿಗೂ ಒಂದು ಟ್ರಿಪ್ ಆದಂಗಾಯ್ತು ಬಿಡಿ."

ಆ ದಿನ ಹಳದಿ ಬಸ್ಸು ಶಾಲೆಯ ಮುಂದೆ ಬಂದು ನಿಂತಿತು. ಮಕ್ಕಳು ಕೂಗಾಡಿಕೊಂಡು ಹತ್ತಿದವು. ಒಬ್ಬಳು ಮಾತ್ರ ನಲ್ಲಿಯ ಹಿಂದೆ ಅವಿತು ನಿಂತಿದ್ದಳು. ಮಾಲಿನಿ, ಪಕ್ಕದ ಹಳ್ಳಿಯ ಕರಿಸಿದ್ದಪ್ಪನ ಮಗಳು, ತರಗತಿಗೇ ಜಾಣೆ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುವ ಹುಡುಗಿ.

"ನಾನು ಒಲ್ಲೆ ಮೇಷ್ಟ್ರೇ. ಅಲ್ಲಿ ಇಂಗ್ಲಿಷಲ್ಲಿ ಕೇಳಿದ್ರೆ ನಂಗೆ ಬರಲ್ಲ" ಎಂದಳು.

"ಯಾರೂ ಏನೂ ಕೇಳಲ್ಲ ಕಣವ್ವ. ನೀನು ಮುಂದಿನ ಬೆಂಚಲ್ಲಿ ಕೂತ್ಕಂಡ್ರೆ ನಮ್ಮ ಶಾಲೆಗೇ ಒಂದು ಗೌರವ. ಹತ್ತು, ನಾನಿಲ್ವಾ?" ಎಂದು ಕೈ ಹಿಡಿದು ಅವರೇ ಹತ್ತಿಸಿದರು. ಕಿಟಕಿಯಿಂದ ಅವಳು ನೋಡುತ್ತಲೇ ಇದ್ದಳು, ಬಸ್ಸು ತಿರುವು ದಾಟುವವರೆಗೂ ಇವರು ಕೈಬೀಸುತ್ತಲೇ ಇದ್ದರು.

ಸಂಜೆ ಎಲ್ಲವೂ ಸರಿಯಾಗಿ ವಾಪಸು ಬಂತು. ಮೈಕ್ರೋಸ್ಕೋಪು ಬಂತು, ಕಪ್ಪೆ ಬಂತು, ಮಕ್ಕಳೂ ಬಂದವು. ಆದರೆ ಮಕ್ಕಳ ಬಾಯಲ್ಲಿ ಬೇರೆ ಮಾತೇ ಇಲ್ಲ. ಅಲ್ಲಿ ಕುರ್ಚಿ ತಿರುಗುತ್ತದಂತೆ, ಗೋಡೆಯ ಮೇಲೆ ಸಿನಿಮಾದ ಹಾಗೆ ಪಾಠ ಬರುತ್ತದಂತೆ, ಕಕ್ಕಸಿನಲ್ಲಿ ಕನ್ನಡಿ ಇದೆಯಂತೆ. ಮಾಲಿನಿ ಕೆಂಪು ಟೈ ಕೊಡುವುದನ್ನು ಮರೆತು ಕತ್ತಿನಲ್ಲೇ ಹಾಕಿಕೊಂಡು ಮನೆಗೆ ಹೋಗಿದ್ದಳು. ಕರಿಸಿದ್ದಪ್ಪ ಮಗಳನ್ನು ಆ ಟೈಯಲ್ಲಿ ನೋಡಿದ. ನೋಡಿದ್ದೇ ನೋಡಿದ್ದು, ಆ ಮನುಷ್ಯನಿಗೆ ಹುಚ್ಚು ಹಿಡಿಯಿತು.

ಜೂನ್ ತಿಂಗಳಲ್ಲಿ ಒಂಬತ್ತನೇ ತರಗತಿಯ ಬಾಗಿಲು ತೆಗೆದರೆ ಬೆಂಚುಗಳೆಲ್ಲ ಖಾಲಿ. ಭಾರ್ಗವ ಇಂಟರ್‌ನ್ಯಾಷನಲ್‌ನಲ್ಲಿ ಒಂಬತ್ತನೆಯದನ್ನೂ ತೆಗೆದಿದ್ದ; ಅಲ್ಲಿಗೆ ಸೇರಿಸಲು ಒಬ್ಬರ ಹಿಂದೆ ಒಬ್ಬರು ಬಂದು ವರ್ಗಾವಣೆ ಪತ್ರ ಕೇಳಿದರು. ಮೇಷ್ಟ್ರು ಎಲ್ಲದಕ್ಕೂ ಸಹಿ ಹಾಕಿ, ಹುಡುಗರ ತಲೆ ಮುಟ್ಟಿ ಕಳಿಸಿದರು. ನಾನು ಒಳಗೆ ಕುದಿಯುತ್ತಿದ್ದೆ. "ಇವನ ಮನೆ ಹಾಳಾಗ, ನಮ್ಮ ಹಿತ್ತಲಿನ ಸಸಿ ಕಿತ್ತುಕೊಂಡು ಹೋಗಿ ನೆಟ್ಟನಲ್ಲ!" ಎಂದೆ. ಮೇಷ್ಟ್ರು ಸ್ಕ್ರೂಡ್ರೈವರು ತೆಗೆದು ಯಾರೂ ಕೂರದ ಬೆಂಚನ್ನು ಬಿಗಿ ಮಾಡುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಶಾಲೆ ಎಂದರೆ ಎಲ್ಲ ಒಂದೇ ಅಲ್ಲ. ಸರ್ಕಾರಿ ಬೇರೆ, ನಮ್ಮಂಥ ಅನುದಾನಿತ ಬೇರೆ, ಸ್ವಂತ ದುಡ್ಡಿನ ಖಾಸಗಿ ಬೇರೆ. ಅದರಲ್ಲೂ ರಾಜ್ಯದ ಪಠ್ಯದವರು, ದೆಹಲಿಯ ಬೋರ್ಡಿನವರು ಎಂದು ಇದ್ದಾರೆ. ಹೊರದೇಶದ ಬೋರ್ಡಿಗೆ ಸೇರಿದ ನಿಜವಾದ ಇಂಟರ್‌ನ್ಯಾಷನಲ್ ಶಾಲೆಗಳೂ ದೊಡ್ಡ ಊರುಗಳಲ್ಲಿವೆ. ಆದರೆ ಗೇಟಿನ ಮೇಲೆ ಇಂಟರ್‌ನ್ಯಾಷನಲ್ ಎಂದು ಬರೆಸಿಕೊಳ್ಳಲು ಬಣ್ಣ ಬಳಿಯುವವನೊಬ್ಬ ಸಿಕ್ಕರೆ ಸಾಕು. ಒಂದನೇ ತರಗತಿಯಿಂದ ಎಂಟರವರೆಗೆ ಅನುಮತಿ ಇದ್ದರೆ ಒಂಬತ್ತಕ್ಕೂ ಇದೆ ಎಂದಲ್ಲ. ಹತ್ತನೆಯ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ಅಧಿಕಾರ ಮಾನ್ಯತೆ ಇರುವ ಹೈಸ್ಕೂಲಿಗೆ ಮಾತ್ರ. ಇದನ್ನು ಯಾವ ತಂದೆ ತಾಯಿ ಕೇಳುತ್ತಾರೆ? ಅವರು ಬಸ್ಸು ನೋಡುತ್ತಾರೆ, ಟೈ ನೋಡುತ್ತಾರೆ.

ಮಾರನೆಯ ವರ್ಷದ ಮೇ ತಿಂಗಳಲ್ಲಿ ಮೇಷ್ಟ್ರು ಮನೆಮನೆಗೆ ಹೊರಟರು. ಇಲಾಖೆ ಹೇಳಿದ ಸಂಖ್ಯೆಗೆ ನಮ್ಮ ಮಕ್ಕಳು ಸಾಲುತ್ತಿರಲಿಲ್ಲ. ಜೂನ್‌ನೊಳಗೆ ಸೇರಿಸದಿದ್ದರೆ ಮಾನ್ಯತೆ ನವೀಕರಣ ಇಲ್ಲ ಎಂದು ನೋಟೀಸು ಬಂದಿತ್ತು. ಬಿಸಿಲಲ್ಲಿ ನಾನೂ ಜೊತೆಗೆ ಹೋದೆ. ಕರಿಸಿದ್ದಪ್ಪ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟ. ಮಾಲಿನಿ ಒಳಗಿನಿಂದ ಬಂದು "ಗುಡ್ ಆಫ್ಟರ್‌ನೂನ್ ಮೇಷ್ಟ್ರೇ" ಎಂದು ನಾಚಿಕೊಂಡಳು.

"ಕರಿಸಿದ್ದಪ್ಪ, ಅಲ್ಲಿ ಹೈಸ್ಕೂಲಿಗೆ ಮಾನ್ಯತೆ ಸಿಕ್ತಾ ಅಂತ ಒಂದ್ಸಲ ಕೇಳಪ್ಪ" ಎಂದರು ಮೇಷ್ಟ್ರು. "ನೀನು ಹೊಲ ಉಳ್ತೀಯ, ಬೆಳೀತೀಯ, ತಿಂತೀಯ. ಆದ್ರೆ ಖಾತೆ ನಿನ್ನ ಹೆಸರಲ್ಲಿಲ್ಲ ಅಂದ್ರೆ ಮಗಳಿಗೆ ಬರಕೊಡಕ್ಕೆ ಬತ್ತದಾ? ಇದೂ ಹಂಗೇ."

"ನಿಮ್ಮ ಸ್ಕೂಲು ಮುಚ್ತದೆ ಅಂತ ಹಿಂಗಂತೀರ ಅಂತಾರೆ ಜನ" ಎಂದ ಕರಿಸಿದ್ದಪ್ಪ. ಒರಟಾಗಿ ಹೇಳಲಿಲ್ಲ, ತಲೆ ತಗ್ಗಿಸಿಯೇ ಹೇಳಿದ. "ನನ್ನ ವಂಶದಲ್ಲಿ ಟೈ ಕಟ್ಟಿದ ಮೊದಲನೇ ಜೀವ ಇದು ಮೇಷ್ಟ್ರೇ. ಬಿಚ್ಚು ಅಂತ ಹೆಂಗನ್ಲಿ?"

ಮೇಷ್ಟ್ರು ಮಜ್ಜಿಗೆ ಮುಗಿಸಿ ಎದ್ದರು. ದಾರಿಯಲ್ಲಿ ಭಾರ್ಗವನಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ. "ಫೈಲ್ ಮೂವ್ ಆಗ್ತಿದೆ ಮೇಷ್ಟ್ರೇ, ಇವತ್ತೋ ನಾಳೆಯೋ" ಎಂದ ಅವನು. ಆ ಫೈಲು ವರ್ಷದ ಹಿಂದೆಯೇ ನಿಂತುಹೋಗಿತ್ತೆಂದು ಆಮೇಲೆ ತಿಳಿಯಿತು. ಲ್ಯಾಬು ಪಾಸಾಗಿತ್ತು, ಮಕ್ಕಳು ಪಾಸಾಗಿದ್ದರು, ಆದರೆ ಶಾಲೆ ಕಟ್ಟಿದ ನೆಲವನ್ನೇ ಅವನು ವ್ಯವಸಾಯದಿಂದ ಬೇರೆ ಉಪಯೋಗಕ್ಕೆ ಬದಲಾಯಿಸಿಕೊಂಡಿರಲಿಲ್ಲ. ಆವತ್ತು ಫೋನಿನಲ್ಲಿ ಅವನು ಒಂದು ನಿಜ ಹೇಳಿದ್ದರೆ ಆ ಮಕ್ಕಳನ್ನೆಲ್ಲ ಹೇಗಾದರೂ ವಾಪಸು ಕರೆತರುತ್ತಿದ್ದೆವು. ವರ್ಷ ಉಳಿಯುವ ದಾರಿ ಆಗ ಇನ್ನೂ ಹುಡುಕಬಹುದಿತ್ತು, ನಮ್ಮ ಶಾಲೆಯೂ ಉಳಿಯುತ್ತಿತ್ತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಅನ್ನ ಸೇರುವುದಿಲ್ಲ.

ನಮ್ಮ ಶಾಲೆಯ ಮಾನ್ಯತೆ ನವೀಕರಣವಾಗಲಿಲ್ಲ. ಮಳೆಗಾಲದಲ್ಲಿ ಬಾಗಿಲು ಹಾಕಿದರು. ಉಳಿದ ಮಕ್ಕಳನ್ನು ಅಜ್ಜಂಪುರಕ್ಕೆ ಸೇರಿಸಿ, ನಮ್ಮನ್ನು ಹೆಚ್ಚುವರಿ ಶಿಕ್ಷಕರು ಎಂದು ಬೇರೆ ಬೇರೆ ಕಡೆ ಹಾಕಿದರು. ನಾನು ಅಜ್ಜಂಪುರಕ್ಕೆ, ಮೇಷ್ಟ್ರು ತರೀಕೆರೆಯ ಒಂದು ಶಾಲೆಗೆ. ಅಲ್ಲಿ ಅವರಿಗೆ ಹೆಡ್‌ಮಾಸ್ಟರ್ ಕುರ್ಚಿ ಇರಲಿಲ್ಲ, ಕೂರಲು ಸ್ಟಾಫ್ ರೂಮಿನ ಒಂದು ಸ್ಟೂಲು ಕೊಟ್ಟಿದ್ದರು. ಆ ಸ್ಟೂಲಿನ ಕಾಲನ್ನೂ ಮೊದಲ ದಿನವೇ ಬಿಗಿ ಮಾಡಿದರಂತೆ.

ದೀಪಾವಳಿ ಕಳೆದ ಮೇಲೆ ಹತ್ತನೆಯವರ ಪರೀಕ್ಷೆಯ ನೋಂದಣಿ ಶುರುವಾಯಿತು. ಇಂಟರ್‌ನ್ಯಾಷನಲ್‌ನಲ್ಲಿ ಮಾತ್ರ ಸುದ್ದಿಯೇ ಇಲ್ಲ. ತಂದೆ ತಾಯಿಯರು ಹೋಗಿ ಗೇಟು ಬಡಿದರು. ಭಾರ್ಗವ ಕಡೂರಿನ ಮನೆಯಲ್ಲೂ ಸಿಗಲಿಲ್ಲ. ಅವನ ಲೆಕ್ಕಾಚಾರ ಆಮೇಲೆ ತಿಳಿಯಿತು. ಪರೀಕ್ಷೆ ಹೊತ್ತಿಗೆ ಮಕ್ಕಳನ್ನು ಕೆಂಚನಹಟ್ಟಿ ಶಾಲೆಯ ಹೆಸರಿನಲ್ಲಿ ಕೂರಿಸಿದರಾಯಿತು, ಮೇಷ್ಟ್ರು ಯಾವತ್ತು ಇಲ್ಲ ಎಂದಿದ್ದಾರೆ ಎಂದುಕೊಂಡಿದ್ದನಂತೆ. ಆ ಶಾಲೆಯನ್ನೇ ಖಾಲಿ ಮಾಡಿದವನು ತಾನು ಎನ್ನುವುದು ಮಹಾರಾಯನಿಗೆ ಹೊಳೆದೇ ಇರಲಿಲ್ಲ.

ಕರಿಸಿದ್ದಪ್ಪ ಮಗಳನ್ನು ಕರೆದುಕೊಂಡು ತರೀಕೆರೆಗೆ ಬಂದ. ಮೇಷ್ಟ್ರ ಶಾಲೆಯ ಗೇಟಿನಲ್ಲಿ ಟವೆಲನ್ನು ಕೈಯಲ್ಲಿ ಹಿಡಿದು ನಿಂತ. "ನನ್ನ ಮಗಳನ್ನ ವಾಪಸ್ ಸೇರಿಸ್ಕಳಿ ಮೇಷ್ಟ್ರೇ. ನೀವು ಹೇಳಿದ್ರಿ, ನಾನು ಕೇಳಲಿಲ್ಲ."

"ಎಲ್ಲಿಗೆ ಸೇರಿಸ್ಕಳ್ಳಿ ಕರಿಸಿದ್ದಪ್ಪ? ನಂಗೇ ಶಾಲೆ ಇಲ್ವಲ್ಲಪ್ಪ" ಎಂದರಂತೆ ಇವರು. ಆಮೇಲೆ ಅರ್ಧ ದಿನ ರಜೆ ಬರೆದುಕೊಟ್ಟು, ಅವರಿಬ್ಬರನ್ನು ಕರೆದುಕೊಂಡು ಶಿಕ್ಷಣ ಇಲಾಖೆಯ ಆಫೀಸಿಗೆ ಹೋದರು. ನನ್ನನ್ನೂ ಬರಹೇಳಿದ್ದರು.

ಅಲ್ಲಿಯ ಅಧಿಕಾರಿ ಕೆಟ್ಟವರಲ್ಲ. ಕಂಪ್ಯೂಟರಿನಲ್ಲಿ ಮಾಲಿನಿಯ ನಂಬರು ಹಾಕಿಸಿ ನೋಡಿದರು. ಎಂಟನೇ ತರಗತಿ ಕೆಂಚನಹಟ್ಟಿ ಎಂದಿತ್ತು. ಅಲ್ಲಿಂದ ಮುಂದೆ ಏನೂ ಇಲ್ಲ. "ಮೇಷ್ಟ್ರೇ, ಸರ್ಕಾರದ ಲೆಕ್ಕದಲ್ಲಿ ಈ ಹುಡುಗಿ ಶಾಲೆ ಬಿಟ್ಟಿದಾಳೆ" ಎಂದರು.

"ಬಿಟ್ಟಿಲ್ಲ ಸಾರ್. ಒಂದು ದಿನಾನೂ ತಪ್ಪಿಸಿಲ್ಲ. ಜ್ವರ ಬಂದಾಗ್ಲೂ ಹೋಗಿದೀನಿ" ಎಂದಳು ಮಾಲಿನಿ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಒಂಬತ್ತನೆಯದು ಮಾನ್ಯತೆ ಇಲ್ಲದ ಕಡೆ ಓದಿದ್ದು, ಅದಕ್ಕೆ ಬೆಲೆಯಿಲ್ಲ. ಈ ವರ್ಷ ಯಾವ ಶಾಲೆಯಿಂದಲೂ ಕೂರಿಸಲು ಬರುವುದಿಲ್ಲ. ಮತ್ತೆ ಒಂಬತ್ತಕ್ಕೆ ಸೇರಬೇಕು, ಇಲ್ಲವೇ ಮುಂದಿನ ವರ್ಷ ಖಾಸಗಿ ಅಭ್ಯರ್ಥಿಯಾಗಿ ಬರೆಯಬೇಕು ಎಂದು ವಿವರಿಸಿದರು. ಮೇಷ್ಟ್ರು ಬೇಡಿಕೊಂಡರು. ಮೇಜಿನ ಅಂಚು ಹಿಡಿದು, "ತಪ್ಪು ಮಾಡಿದೋರು ನಾವು ದೊಡ್ಡೋರು ಸಾರ್, ಮಗಿಗ್ಯಾಕೆ?" ಎಂದರು. ಅಧಿಕಾರಿ ಕಂಪ್ಯೂಟರನ್ನೇ ನೋಡುತ್ತ ಕೂತರು. ಉಳಿದ ಮಕ್ಕಳಲ್ಲಿ ಕೆಲವರು ಅಲ್ಲಿ ಇಲ್ಲಿ ಮತ್ತೆ ಒಂಬತ್ತಕ್ಕೆ ಸೇರಿಕೊಂಡರು. ಕರಿಸಿದ್ದಪ್ಪ ಮಾತ್ರ ಮಗಳನ್ನು ಎಲ್ಲಿಗೂ ಸೇರಿಸಲಿಲ್ಲ. ಆ ಹಳ್ಳಿಯಿಂದ ಇಂಟರ್‌ನ್ಯಾಷನಲ್‌ಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಊರಲ್ಲಿ ಮುಖ ಎತ್ತಿ ಹೇಳಿಕೊಂಡು ತಿರುಗಿದವನು, ಈಗ ಹೀಗಾಯಿತು ಎಂದು ಯಾರಿಗೂ ಹೇಳಲಿಲ್ಲ.

ಮಾರ್ಚ್‌ನಲ್ಲಿ ಹತ್ತನೆಯ ಪರೀಕ್ಷೆ. ಅಜ್ಜಂಪುರದ ಕೇಂದ್ರದಲ್ಲಿ ಕೊಠಡಿ ನೋಡಿಕೊಳ್ಳುವ ಕೆಲಸ ನನಗೂ ಮೇಷ್ಟ್ರಿಗೂ ಬಿತ್ತು. ಮೊದಲ ದಿನ ಕಿಟಕಿಯಿಂದ ಆಚೆ ನೋಡುತ್ತೇನೆ, ಗೇಟಿನಾಚೆ ಹೊಂಗೆ ಮರದ ಕೆಳಗೆ ಮಾಲಿನಿ! ಜಡೆ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟು, ಪರೀಕ್ಷೆಯ ಪ್ಯಾಡು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಪರೀಕ್ಷೆ ಮುಗಿಸಿ ಆಚೆ ಬಂದು, "ಇದೇನೇ ತಾಯಿ, ಇಲ್ಲಿ?" ಎಂದೆ.

"ಊರಲ್ಲಿ ಎಲ್ಲರೂ ಆಲ್ ದಿ ಬೆಸ್ಟ್ ಹೇಳಿದ್ರು ಮೇಡಂ. ಜವರಮ್ಮಜ್ಜಿ ಸಕ್ಕರೆ ಬಾಯಿಗಾಕಿ ಕಳಿಸ್ತು. ಮನೇಲಿದ್ರೆ ಗೊತ್ತಾಗ್ತದೆ. ಬಸ್ಸು ಹತ್ತಿ ಬಂದ್ಬಿಟ್ಟೆ. ಇವರೆಲ್ಲ ಬರೆದು ಬಂದ್ರಲ್ಲ, ಈಗ ವಾಪಸ್ ಹೋಗ್ತೀನಿ" ಎಂದಳು.

ನನ್ನ ಹಿಂದೆಯೇ ಬಂದಿದ್ದ ಮೇಷ್ಟ್ರು ಇದನ್ನು ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ, ಉಳಿದಿದ್ದ ಒಂದು ಪ್ರಶ್ನೆಪತ್ರಿಕೆ ಕೇಳಿ ತಂದು ಅವಳ ಕೈಗೆ ಕೊಟ್ಟರು. ಊರವರು ಕೇಳಿದರೆ ಹೇಳಲು ಏನಾದರೂ ಇರಬೇಕಲ್ಲ. ಹೀಗೆ ಎಲ್ಲ ಪರೀಕ್ಷೆಗೂ ಅವಳು ಬಂದಳು. ಒಳಗೆ ಮಕ್ಕಳು ಬರೆಯುತ್ತಿದ್ದರು, ಆಚೆ ಮರದಡಿ ಇವಳು ಕಾಯುತ್ತಿದ್ದಳು. ಮೇಷ್ಟ್ರು ಕೊಠಡಿಯಲ್ಲಿ ಓಡಾಡುತ್ತ ಕಿಟಕಿಯ ಹತ್ತಿರ ಬಂದಾಗಲೆಲ್ಲ ನಿಂತುಬಿಡುತ್ತಿದ್ದರು.

ಗಣಿತದ ದಿನ ಪತ್ರಿಕೆ ಸಿಕ್ಕಿದೊಡನೆ ಅವಳು ಪ್ಯಾಡಿನ ಮೇಲೆ ಲೆಕ್ಕ ಮಾಡಲು ಶುರು ಮಾಡಿದಳು. ಬಸ್ಸು ಬರುವುದು ತಡವಾಯಿತು. ಮೇಷ್ಟ್ರು ಪಕ್ಕದಲ್ಲೇ ಮಣ್ಣಿನ ಮೇಲೆ ಕೂತು ಒಂದೊಂದೇ ಉತ್ತರ ನೋಡಿದರು. ಎಲ್ಲವೂ ಸರಿಯಿತ್ತು. ಕೊನೆಗೆ ಜೇಬಿನಿಂದ ಕೆಂಪು ಪೆನ್ನು ತೆಗೆದರು, ಆದರೆ ಏನೂ ಬರೆಯಲಿಲ್ಲ.

"ಮುಂದಿನ ವರ್ಷ ಪ್ರೈವೇಟಾಗಿ ಕಟ್ಟುಸ್ತೀನಿ ಕಣವ್ವ. ದಿನಾ ನಿಮ್ಮೂರಿಗೇ ಬತ್ತೀನಿ, ಜಗಲಿ ಮೇಲೆ ಪಾಠ ಹೇಳ್ತೀನಿ" ಎಂದರು.

"ಬ್ಯಾಡಿ ಮೇಷ್ಟ್ರೇ. ರಿಸಲ್ಟ್ ಬಂದ ದಿನ ಫೇಲಾದೆ ಅಂತ ಹೇಳ್ತೀನಿ. ಪರೀಕ್ಷೆಗೇ ಕೂರಿಸ್ಲಿಲ್ಲ ಅಂದ್ರೆ ಅಪ್ಪನ್ನ ಆಡ್ಕಂಡು ನಗ್ತಾರೆ. ಫೇಲ್ ಅಂದ್ರೆ ನನ್ನೊಬ್ಬಳನ್ನ ನಗ್ತಾರೆ, ಅಷ್ಟೇ. ಆಮೇಲೆ ಅಪ್ಪ ಓದು ಸಾಕು ಅಂದವ್ರೆ."

ತರಗತಿಗೇ ಜಾಣೆಯಾದ ಹುಡುಗಿ. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. "ಹಂಗನ್ಬೇಡ ಕಣವ್ವ, ನಾನಿಲ್ವಾ?" ಎಂದರು.

ಅಷ್ಟರಲ್ಲಿ ಬಸ್ಸು ಬಂತು. ಮಾಲಿನಿ ಎದ್ದು ಲಂಗದ ಮಣ್ಣು ಕೊಡವಿಕೊಂಡಳು. "ಆವತ್ತೂ ಹಿಂಗೇ ಅಂದಿದ್ರಿ. ನಾನು ಒಲ್ಲೆ ಅಂದಿದ್ದೆ ಮೇಷ್ಟ್ರೇ, ನೀವೇ ಕೈ ಹಿಡಿದು ಬಸ್ ಹತ್ತಿಸಿದ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನೆನಪಾದದ್ದನ್ನು ಹೇಳಿದಳು, ಅಷ್ಟೇ. ನಮ್ಮಿಬ್ಬರಿಗೂ ಕೈಮುಗಿದು ಓಡಿ ಹೋಗಿ ಬಸ್ಸು ಹತ್ತಿದಳು.

ಮೇಷ್ಟ್ರು ಕೂತಲ್ಲಿಂದ ಏಳಲಿಲ್ಲ. ಬಸ್ಸು ಹೋಗಿ ಧೂಳು ಇಳಿದ ಮೇಲೆ ನನ್ನ ಕಡೆ ತಿರುಗಿದರು.

"ಲಲಿತಮ್ಮೋರೆ, ಆವತ್ತು ನೀವೊಬ್ಬರೇ ಕಣ್ರೀ ಬೈದದ್ದು. ತಲೆ ನೆಟ್ಟಗಿದೆಯಾ ಅಂದ್ರಿ, ನಾನು ನಕ್ಕುಬಿಟ್ಟೆ. ಇವತ್ತು ಬೈರಿ. ಇನ್ನೊಂದ್ಸಲ ಬೈರಿ."

ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ ಓಡಾಡುತ್ತ ಆ ಮನುಷ್ಯನನ್ನು ಬಾಯಿಗೆ ಬಂದ ಹಾಗೆ ಬೈದವಳು ನಾನು. ಅವತ್ತು ಬಾಯಿ ತೆರೆದೆ, ಒಂದು ಮಾತೂ ಬರಲಿಲ್ಲ. ಅವರ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತುಕೊಂಡೆ.